ಸ್ಪಿನ್ನಿಂಗ್ ರೀಲ್: 5.2 ಸಾಕಾ, 6.2 ಬೇಕಾ? ಸುತ್ತುವ ವೇಗ ಅಷ್ಟು ಮುಖ್ಯವಾ?

ಹೊಸಗಾಳ
ಎಲ್ಲರಿಗೂ ನಮಸ್ಕಾರ. ಗಾಳ ಹಾಕೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ಗಾಳದ ಕೋಲಿಗೆ ಹಾಕಿ ದಾರ ಸುತ್ತುವ ರೀಲ್ ಇರುವುದು ಒಂದೇ, 2500 ಸೈಜಿನದು. ಮೇಲೆ 5.2:1 ಅಂತ ಬರೆದಿದೆ. ಇಷ್ಟು ದಿನ ಆ ಅಂಕಿ ಕಡೆ ನೋಡಿದವನೇ ಅಲ್ಲ.

ಕಳೆದ ಭಾನುವಾರ ಬೆಳಿಗ್ಗೆ ನೀರಿನ ಮೇಲೆ ಆಡುವ ಲೂರ್, ಅಂದರೆ ನಕಲಿ ಎರೆ, ಎಸೆದಿದ್ದೆ. ದೂರದಲ್ಲಿ ಧಡ್ ಅಂತ ಹೊಡೆಯಿತು. ಎರಡು ಸೆಕೆಂಡು ರಾಡ್ ಬಾಗಿತು. ಆಮೇಲೆ ಮೀನು ತಿರುಗಿ ನೇರ ನನ್ನ ಕಡೆಗೇ ಓಡಿ ಬಂತು. ಹುಚ್ಚು ಹಿಡಿದವನ ಹಾಗೆ ಹ್ಯಾಂಡಲ್ ತಿರುಗಿಸಿದೆ, ದಾರ ಮಾತ್ರ ನೀರಿನ ಮೇಲೆ ಜೋಲು ಬಿದ್ದೇ ಇತ್ತು. ಕಾಲಬುಡದ ಹತ್ತಿರ ಬಂದು ಒಂದು ಸಲ ತಲೆ ಕೊಡವಿತು, ಗಾಳ ಕಳಚಿತು. ಬೆನ್ನು ಕಂಡೆ, ಅಷ್ಟೇ.

ಜೊತೆಗಿದ್ದ ಗೆಳೆಯ "ನಿನ್ನ ರೀಲ್ ನಿಧಾನ, 6.2 ಅಥವಾ 7 ತಗೋ, ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂತಾನೆ. ನಿಜವಾ? ಹೊಸ ರೀಲ್ ತಗೊಳ್ಳಲಾ?

ದಡದಮೇಲೆ
ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನುವ ಗೆಳೆಯನಿಗೆ ಸೈಕಲ್ಲಿನಲ್ಲಿ ಟಾಪ್ ಗೇರ್ ಹಾಕಿಸಿ ಏರು ಹತ್ತಿಸು.

ಬೆಳಗಿನಜಾವ
ಪಾಪ, ಹೊಸಬರು ಕೇಳ್ತಿದ್ದಾರೆ, ಬಿಡಿಸಿ ಹೇಳೋಣ.

5.2:1 ಅಂದರೆ ನೀವು ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ರೋಟರ್ 5.2 ಸುತ್ತು ಹಾಕುತ್ತದೆ ಅಂತ. ರೋಟರ್ ಅಂದರೆ ಬೇಲ್, ಅಂದರೆ ದಾರ ಹಿಡಿದು ಸುತ್ತಿಸುವ ತಂತಿ, ಕೂತಿರುವ ಭಾಗ. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸುತ್ತಿಕೊಳ್ಳುವಾಗ ಸ್ಪೂಲ್, ಅಂದರೆ ದಾರ ತುಂಬಿರುವ ಉರುಳೆ, ತಿರುಗುವುದಿಲ್ಲ, ಹಿಂದೆ ಮುಂದೆ ಹೋಗುತ್ತದೆ ಅಷ್ಟೇ. ರೋಟರ್ ಅದರ ಸುತ್ತ ದಾರ ಸುತ್ತುತ್ತದೆ. ಬೇಲ್ ಮೇಲೆ ಒಂದು ಚೂರು ಟೇಪ್ ಅಂಟಿಸಿ, ಹ್ಯಾಂಡಲ್ ಮೆಲ್ಲಗೆ ಒಂದೇ ಸುತ್ತು ತಿರುಗಿಸಿ, ಎಣಿಸಿ. ಐದು ಸುತ್ತು, ಮೇಲೆ ಇನ್ನೊಂದು ಚೂರು. ಅದೇ ಆ ಅಂಕಿ.

ಈಗ ಸಾಮಾನ್ಯವಾಗಿ 5ರ ಆಸುಪಾಸು ಇದ್ದರೆ ಮಧ್ಯಮ, 6 ದಾಟಿದರೆ ವೇಗದ್ದು, 5ಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ನಿಧಾನದ್ದು ಅಂತಾರೆ. ಎಲ್ಲದಕ್ಕೂ ಅದರದರ ಕೆಲಸ ಇದೆ.

ಜೊಂಡುಹುಲ್ಲು
ನಾನಂತೂ 6.2 ಪಕ್ಷ. ನೀರಿನ ಮೇಲಿನ ಲೂರ್ ಆಡಿಸುವಾಗ ರಾಡ್ ತುದಿ ಟಕ್ ಟಕ್ ಅಂತ ಬಡಿಯುತ್ತೀವಿ. ಪ್ರತಿ ಬಡಿತಕ್ಕೂ ಒಂದಿಷ್ಟು ದಾರ ಸಡಿಲ ಆಗುತ್ತೆ. ಅದನ್ನು ಅರ್ಧ ಸುತ್ತಿನಲ್ಲಿ ಎತ್ತಿಕೊಳ್ಳಬೇಕು. ನಿಧಾನದ ರೀಲಿನಲ್ಲಿ ಒಂದು ಸುತ್ತು ಬೇಕಾಗುತ್ತೆ, ಅಷ್ಟರಲ್ಲಿ ತಾಳ ತಪ್ಪುತ್ತೆ. ರಬ್ಬರ್ ಹುಳ ತಳದಲ್ಲಿ ಕುಪ್ಪಳಿಸುವಾಗಲೂ ಹೀಗೇ. ಕೆಲಸ ಎಲ್ಲಾ ರಾಡಿನದು, ರೀಲ್ ಇರುವುದು ಸಡಿಲ ದಾರ ನುಂಗೋಕೆ.

ಇನ್ನೊಂದು ಮಾತು. ವೇಗದ ರೀಲನ್ನು ನಿಧಾನವಾಗಿ ತಿರುಗಿಸಬಹುದು. ನಿಧಾನದ ರೀಲನ್ನು ವೇಗವಾಗಿ ತಿರುಗಿಸೋಕೆ ಕೈಗೊಂದು ಮಿತಿ ಇದೆ. ಹಾಗಾಗಿ ಒಂದೇ ರೀಲ್ ಅಂದರೆ ವೇಗದ್ದೇ ಸರಿ.

ಬೆಳಗಿನಜಾವ
ಈ ಮಾತು ಎಲ್ಲರೂ ಹೇಳ್ತಾರೆ. ಕೇಳೋಕೂ ಸರಿ ಅನ್ನಿಸುತ್ತೆ, ದಡದಲ್ಲಿ ನಿಂತಾಗ ನಡೆಯಲ್ಲ. ಪ್ರತಿಯೊಬ್ಬರ ಕೈಗೂ ಒಂದು ಲಯ ಇರುತ್ತೆ. ಹತ್ತು ನಿಮಿಷ ಎಚ್ಚರದಿಂದ ನಿಧಾನ ತಿರುಗಿಸ್ತೀರಿ. ಆಮೇಲೆ ಪಕ್ಕದವರ ಜೊತೆ ಮಾತಾಡ್ತಾ ಕೈ ತನ್ನ ಹಳೇ ಲಯಕ್ಕೆ ಹೋಗಿರುತ್ತೆ.

ನನಗೇ ಆಗಿದೆ. ಚಳಿಗಾಲದ ಒಂದು ಬೆಳಿಗ್ಗೆ, ನೀರು ತಣ್ಣಗೆ ಕೊರೆಯುತ್ತಿತ್ತು. ತಣ್ಣೀರಿನಲ್ಲಿ ಮೀನಿನ ಮೈ ಮಂದ ಆಗಿರುತ್ತೆ, ಓಡಿಹೋಗುವ ಎರೆಯ ಹಿಂದೆ ಅದು ಬರಲ್ಲ. ನನ್ನ ಬಳಿ ಇದ್ದದ್ದು 6.4. ನಿಧಾನ, ನಿಧಾನ ಅಂತ ನನಗೇ ಹೇಳಿಕೊಂಡು ಎರಡು ಗಂಟೆ ಎಸೆದೆ. ಒಂದೂ ಮುಟ್ಟಲಿಲ್ಲ. ಪಕ್ಕದಲ್ಲಿದ್ದವರು ಹಳೇ 4.8ರ ರೀಲಿನಲ್ಲಿ ಅದೇ ಬಣ್ಣದ ಅದೇ ಲೂರ್ ಎಸೆದು ಮೂರು ಹಿಡಿದರು. ಅವರು ನಿಧಾನ ಮಾಡಬೇಕು ಅಂತ ಯೋಚನೆ ಕೂಡ ಮಾಡಿರಲಿಲ್ಲ. ರೀಲೇ ಮಾಡ್ತಿತ್ತು.

ಜೊಂಡುಹುಲ್ಲು
ಅಕ್ಕಾ, ಒಂದು ಬೆಳಗಿನ ಲೆಕ್ಕ ಹಿಡಿದು ನಿಯಮ ಮಾಡಿದರೆ ಹೇಗೆ? ಅವರು ನಿಂತ ಜಾಗ ಚೆನ್ನಾಗಿದ್ದಿರಬಹುದು.

ಬೆಳಗಿನಜಾವ
ಜಾಗ ಬದಲಾಯಿಸಿಯೂ ನೋಡಿದ್ವಿ ತಮ್ಮಾ. ಆಮೇಲೆ ಅವರಿಗೆ ಇನ್ನೂ ಒಂದು ಸಿಕ್ಕಿತು.

ಸುಮ್ನೆಓದುವವ
😂😂

ಲೆಕ್ಕದಮೇಷ್ಟ್ರು
ಎಲ್ಲರೂ ತಪ್ಪು ಅಂಕಿ ಹಿಡಿದುಕೊಂಡು ಜಗಳ ಆಡ್ತಿದ್ದೀರಿ. ನೋಡಬೇಕಾದದ್ದು 5.2 ಅಲ್ಲ, 6.2 ಅಲ್ಲ. ಹ್ಯಾಂಡಲಿನ ಒಂದು ಸುತ್ತಿಗೆ ಎಷ್ಟು ಸೆಂಟಿಮೀಟರ್ ದಾರ ಬರುತ್ತೆ ಅನ್ನೋದು. ಡಬ್ಬಿ ಮೇಲೆ ಅದನ್ನೂ ಬರೆದಿರ್ತಾರೆ, ಸಣ್ಣ ಅಕ್ಷರದಲ್ಲಿ.

ಲೆಕ್ಕ ಸುಲಭ. ಸ್ಪೂಲ್ ಮೇಲೆ ದಾರದ ಸುತ್ತಳತೆ ಗುಣಿಸು ಗೇರ್ ಅಂಕಿ. ದಾರ ತುಂಬಿದ ಸ್ಪೂಲಿನ ವ್ಯಾಸ 45 ಮಿಲಿಮೀಟರ್ ಅನ್ನಿ, ಸುತ್ತಳತೆ ಸುಮಾರು 14 ಸೆಂ.ಮೀ. 5.2ಕ್ಕೆ 73 ಸೆಂ.ಮೀ. ಬರುತ್ತೆ, 6.2ಕ್ಕೆ 87. ಈಗ ದಡದಿಂದ ಸಮುದ್ರಕ್ಕೆ ಎಸೆಯುವ ದೊಡ್ಡ ರೀಲ್ ತಗೊಳ್ಳಿ. ಅದರ ವ್ಯಾಸ 70 ಮಿ.ಮೀ., ಗೇರ್ ಬರೀ 4.6. ಅಂಕಿ ನೋಡಿದರೆ ಆಮೆ. ಒಂದು ಸುತ್ತಿಗೆ 101 ಸೆಂ.ಮೀ. ಎಳೆಯುತ್ತೆ! ಆ ಆಮೆ ನಿಮ್ಮ 6.2ನ್ನು ಹಿಂದೆ ಹಾಕ್ತು. ಗೇರ್ ಅಂಕಿ ಹೋಲಿಸಬೇಕು ಅಂದರೆ ಒಂದೇ ಸೈಜಿನ ಎರಡು ರೀಲುಗಳ ನಡುವೆ ಮಾತ್ರ.

ಬಲದ ವಿಷಯಕ್ಕೆ ಬರೋಣ. ಹ್ಯಾಂಡಲ್ ಉದ್ದ 55 ಮಿ.ಮೀ. ಇದ್ದರೆ ಒಂದು ಸುತ್ತಿಗೆ ನಿಮ್ಮ ಕೈ ಸುಮಾರು 34.5 ಸೆಂ.ಮೀ. ದಾರಿ ಸವೆಸುತ್ತೆ. ಅಷ್ಟರಲ್ಲಿ ದಾರ 73 ಸೆಂ.ಮೀ. ಬರುತ್ತೆ. ಅಂದರೆ ದಾರದಲ್ಲಿ 1 ಕೆ.ಜಿ. ಭಾರ ಇದ್ದರೆ ಕೈಗೆ 2.1 ಕೆ.ಜಿ. ಬೀಳುತ್ತೆ. ಗೇರುಗಳ ಒಳಗಿನ ತಿಕ್ಕಾಟ ಬೇರೆ, ಅದನ್ನು ಸೇರಿಸಿಲ್ಲ. 6.2ಕ್ಕೆ ಇದೇ 2.5 ಕೆ.ಜಿ. ಆಗುತ್ತೆ. ಆದರೆ 6.2ರ ರೀಲಿಗೆ 65 ಮಿ.ಮೀ. ಹ್ಯಾಂಡಲ್ ಹಾಕಿ ನೋಡಿ, ಮತ್ತೆ 2.1ಕ್ಕೇ ಇಳಿಯುತ್ತೆ. "ವೇಗದ ರೀಲಿಗೆ ಬಲ ಇಲ್ಲ" ಅನ್ನುವವರು ಹ್ಯಾಂಡಲ್ ಉದ್ದ ಅಳೆದಿರೋದೇ ಇಲ್ಲ.

ದಡದಮೇಲೆ
ಮೇಷ್ಟ್ರೇ, ಪರೀಕ್ಷೆ ಯಾವತ್ತು?

ಅಲೆಯಂಚು
ಮೇಷ್ಟ್ರ ಲೆಕ್ಕ ಸರಿ ಉಂಟು. ಆದರೆ ಉದ್ದದ ಹ್ಯಾಂಡಲ್ ಹಾಕಿದರೆ ಕೈ ದೊಡ್ಡ ವೃತ್ತ ಸುತ್ತಬೇಕು ಮಾರಾಯ್ರೇ. ಆಗ ಸೆಕೆಂಡಿಗೆ ಮೊದಲಿನಷ್ಟು ಸುತ್ತು ಹಾಕೋಕೆ ಆಗುವುದಿಲ್ಲ. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಹೋಯ್ತು. ಪುಕ್ಕಟೆ ಯಾವುದೂ ಸಿಗುವುದಿಲ್ಲ.

ಲೆಕ್ಕದಮೇಷ್ಟ್ರು
ಒಪ್ಪಿದೆ.

ಅಲೆಯಂಚು
ಮತ್ತೆ ಮೀನಿನ ಜೊತೆ ಓಟದ ಪಂದ್ಯ ಕಟ್ಟುವವರಿಗೆ ಒಂದು ಮಾತು. 87 ಸೆಂ.ಮೀ. ರೀಲನ್ನು ಸೆಕೆಂಡಿಗೆ ಎರಡು ಸುತ್ತು ತಿರುಗಿಸಿದರೆ ಗಂಟೆಗೆ 6 ಕಿಲೋಮೀಟರಿಗೆ ಚೂರು ಮೇಲೆ. 73ಕ್ಕೆ 5 ಚಿಲ್ಲರೆ. ಅಂದರೆ ಬಿರುಸಾಗಿ ನಡೆಯುವ ಮನುಷ್ಯನ ವೇಗ. ಅಂಜಲ್ ಮೀನು ಮನಸ್ಸು ಮಾಡಿದರೆ ನಿಮ್ಮ ಯಾವ ರೀಲೂ ಅದಕ್ಕೆ ಲೆಕ್ಕಕ್ಕಿಲ್ಲ. ಮೀನು ನಿಮ್ಮ ಕಡೆ ಓಡಿ ಬಂದರೆ ರಾಡ್ ಮೇಲೆತ್ತಿ, ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ. ಜೊತೆಗೇ ಸುತ್ತಿ. ಕಾಲೂ ರೀಲಿನ ಒಂದು ಭಾಗವೇ.

ಹೊಸಗಾಳ
ನನ್ನ ಹಿಂದೆ ಮುಳ್ಳುಪೊದೆ ಇತ್ತು ಸರ್ 😅

ಅಲೆಯಂಚು
ಹಾಗಾದರೆ ಪಕ್ಕಕ್ಕೆ ಓಡಬೇಕಿತ್ತು.

ಕೊರವಪ್ರಿಯ
ನಾನು ಹೆಚ್ಚಾಗಿ ಕೊರವ ಮೀನಿಗೆ ಹೋಗೋದು, ರಬ್ಬರ್ ಕಪ್ಪೆ ಹಾಕಿ. ಕಪ್ಪೆ ಆಡಿಸೋದು ನಿಧಾನ. ನಿಲ್ಲಿಸು, ಸ್ವಲ್ಪ ಎಳಿ, ನಿಲ್ಲಿಸು. ಹಾಗಂತ ನಿಧಾನದ ರೀಲ್ ಹಿಡಿದರೆ ಕೆಟ್ಟೆ. ಮೀನು ಕಚ್ಚಿದ ತಕ್ಷಣ ಜೊಂಡಿನ ಬುಡಕ್ಕೆ ನುಗ್ಗುತ್ತೆ. ಮೊದಲ ಮೂರು ಸೆಕೆಂಡಿನಲ್ಲಿ ಅದರ ತಲೆ ಈ ಕಡೆ ತಿರುಗಿಸಿದರೆ ಮೀನು ನಮ್ಮದು, ಇಲ್ಲವಾದರೆ ಒಂದು ಹೊರೆ ಹುಲ್ಲು ಎಳೆದುಕೊಂಡು ಮನೆಗೆ ಹೋಗ್ಬೇಕು. ಆಗ ವೇಗವೂ ಬೇಕು, ಬಲವೂ ಬೇಕು. 4000 ಸೈಜ್, ವೇಗದ ಗೇರ್, ಹಿಡಿಯೋಕೆ ದಪ್ಪ ಗುಂಡು ಇರುವ ಉದ್ದನೆ ಹ್ಯಾಂಡಲ್. ಮೇಷ್ಟ್ರು ಹೇಳಿದ್ದನ್ನ ನಾನು ಲೆಕ್ಕ ಹಾಕದೆ ಕಂಡುಕೊಂಡಿದ್ದು ಇದೇ.

ಹಳೇರೀಲು
ನಾನು ಇದರ ಉಲ್ಟಾ ಕಥೆ ಹೇಳ್ತೀನಿ. ವೇಗ, ವೇಗ ಅಂತ ಎಲ್ಲರೂ ಹೇಳಿದ್ದು ಕೇಳಿ 7ರ ಹತ್ತಿರ ಇದ್ದ ಸಣ್ಣ ರೀಲ್ ತಗೊಂಡೆ. ಅದಕ್ಕೆ ದೊಡ್ಡ ನಾಲಿಗೆ ಇರುವ, ಆಳಕ್ಕೆ ಮುಳುಗುವ ಲೂರ್ ಕಟ್ಟಿದೆ. ಅಂಥ ಲೂರ್ ನೀರನ್ನು ಸಲಿಕೆ ಹಾಗೆ ತಳ್ಳಿಕೊಂಡು ಬರುತ್ತೆ, ಖಾಲಿ ಬರುವಾಗಲೇ ರಾಡ್ ಬಾಗಿರುತ್ತೆ. ಒಂದು ಗಂಟೆ ಎಳೆದೆ. ಮುಂಗೈ ನೋವು ಶುರುವಾಯ್ತು. ಎರಡನೇ ಗಂಟೆಗೆ ಬೆರಳು ಮಡಚೋಕೆ ಆಗ್ತಿರಲಿಲ್ಲ. ಮೂರನೇ ಗಂಟೆಗೆ ಮೀನು ಕಚ್ಚಿತು. ಸತ್ಯ ಹೇಳ್ತೀನಿ, ತಪ್ಪಿಸಿಕೊಂಡು ಹೋಗಲಿ ಅನ್ನಿಸಿತು.

ಆಳದ ಲೂರಿಗೆ ನಿಧಾನದ ಗೇರ್. ಇದರಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ.

ಜೊಂಡುಹುಲ್ಲು
ಅದಕ್ಕೆ ಬರಲ್ಲ, ಒಪ್ಪಿದೆ. ಗಿರಿಗಿಟ್ಲೆ ತರ ತಿರುಗುವ ಸ್ಪಿನ್ನರ್ ಲೂರಿಗೂ ಅತಿ ವೇಗ ಆಗಿಬರಲ್ಲ. ಮೇಲಕ್ಕೆ ಎದ್ದು ಬಿಡುತ್ತೆ. ಚಮಚದಂಥ ಸ್ಪೂನ್ ಕೂಡ ಅಷ್ಟೇ, ವೇಗ ಹೆಚ್ಚಿಸಿದರೆ ಮೇಲಕ್ಕೆ, ಇಳಿಸಿದರೆ ಕೆಳಕ್ಕೆ. ಮೀನು ಯಾವ ಆಳದಲ್ಲಿದೆಯೋ ಅಲ್ಲಿ ಓಡಿಸೋದು ಕೈಯ ವೇಗದಲ್ಲೇ ಇದೆ.

ಎಡಗೈ
ಮಧ್ಯೆ ಬಾಯಿ ಹಾಕ್ತೀನಿ. ಎಲ್ಲರೂ ಯಾವ ಕೈಲಿ ಸುತ್ತುತ್ತೀರಿ? ನಾನು ಎಡಚ. ಎಡಗೈಲಿ ರಾಡ್ ಹಿಡಿದು ಬಲಗೈಲಿ ಸುತ್ತಿದರೆ ವೇಗ ಬರಲ್ಲ. ಎಡಗೈಲಿ ಸುತ್ತಿದರೆ ಎಸೆದ ಮೇಲೆ ರಾಡ್ ಕೈ ಬದಲಾಯಿಸಬೇಕು.

ದಡದಮೇಲೆ
ಹ್ಯಾಂಡಲ್ ಯಾವ ಕಡೆಗಾದರೂ ಹಾಕಿಕೊಳ್ಳಬಹುದಲ್ವಾ, ಸ್ಪಿನ್ನಿಂಗ್ ರೀಲಿನ ಸುಖವೇ ಅದು. ಎರಡೂ ಕಡೆ ಒಂದೊಂದು ವಾರ ಹಾಕಿ ನೋಡಿ. ಬಲಗೈ ಬಲಶಾಲಿ ಅಂತ ಎಲ್ಲರೂ ಬಲಗೈಲೇ ಸುತ್ತಬೇಕಿಲ್ಲ. ನಾನು ಬಲಗೈಯವ, ಸುತ್ತುವುದು ಎಡಗೈಲಿ. ಮೀನಿನ ಜೊತೆ ಗುದ್ದಾಡುವ ಕೆಲಸ ರಾಡ್ ಹಿಡಿದ ಕೈಯದು.

ಇಲ್ಲಿ ಯಾರೂ ಹೇಳದ ಮಾತು ಅದೇ. ರೀಲ್ ಇರುವುದು ಬಾವಿಯ ರಾಟೆ ಹಾಗೆ ಮೀನನ್ನು ಎಳೆಯೋಕೆ ಅಲ್ಲ. ರಾಡಿನಿಂದ ಮೆಲ್ಲಗೆ ಮೇಲೆತ್ತಬೇಕು. ಆಮೇಲೆ ರಾಡ್ ಇಳಿಸುತ್ತಾ, ಬಿಗಿ ಬಿಡದೆ ದಾರ ಸುತ್ತಿಕೊಳ್ಳಬೇಕು. ಎತ್ತು, ಇಳಿಸಿ ಸುತ್ತು. ಹೀಗೆ ಮಾಡಿದರೆ ಸುತ್ತುವಾಗ ಹ್ಯಾಂಡಲ್ ಮೇಲೆ ಭಾರವೇ ಇರಲ್ಲ, 6.2 ಇರಲಿ 7 ಇರಲಿ. ಬಲ ಸಾಲದು ಅನ್ನುವವರಲ್ಲಿ ಅರ್ಧ ಜನ ರಾಡನ್ನು ಬಾವುಟದ ಕಂಬದ ಹಾಗೆ ನಿಲ್ಲಿಸಿ ಬರೀ ಹ್ಯಾಂಡಲ್ ತಿರುಗಿಸುವವರು.

ಹಳೇರೀಲು
ಆಳದ ಲೂರ್ ಎಳೆಯುವಾಗ ಆ ಉಪಾಯ ಇಲ್ಲ ಗುರುವೇ. ಅಲ್ಲಿ ಉದ್ದಕ್ಕೂ ಸುತ್ತುತ್ತಲೇ ಇರಬೇಕು. ನನ್ನ ಮುಂಗೈ ಸಾಕ್ಷಿ.

ದಡದಮೇಲೆ
ಮುಂಗೈಗೆ ನಮಸ್ಕಾರ. ನಾನು ಹೇಳಿದ್ದು ಮೀನು ಸಿಕ್ಕಿದ ಮೇಲಿನ ಮಾತು.

ಬೆಳಗಿನಜಾವ
ಇದಕ್ಕೆ ಒಂದು ಸೇರಿಸ್ತೀನಿ. ಡ್ರ್ಯಾಗ್ ಜಿರ್‌ರ್ ಅಂತ ದಾರ ಬಿಡ್ತಿರುವಾಗ ಹ್ಯಾಂಡಲ್ ತಿರುಗಿಸಲೇಬೇಡಿ (ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕು). ದಾರ ಒಳಗೆ ಬರ್ತಿಲ್ಲ, ರೋಟರ್ ಮಾತ್ರ ಸುತ್ತುತ್ತಿದೆ. ರೋಟರಿನ ಒಂದೊಂದು ಸುತ್ತಿಗೂ ದಾರಕ್ಕೆ ಒಂದೊಂದು ತಿರುಚು ಬೀಳುತ್ತೆ. 6.2ರಲ್ಲಿ ಗಾಬರಿಗೆ ಹತ್ತು ಸುತ್ತು ತಿರುಗಿಸಿದರೆ 62 ತಿರುಚು! ಮೀನು ಸಿಕ್ಕಿತು ಅಂತ ಖುಷಿಪಟ್ಟು ಮುಂದಿನ ಸಲ ಎಸೆದರೆ ದಾರ ಸುರುಳಿ ಸುರುಳಿಯಾಗಿ ಎದ್ದು ಸಿಕ್ಕಾಗುತ್ತೆ. ಬೈಗುಳ ಮಾತ್ರ ದಾರಕ್ಕೆ.

ಸುಮ್ನೆಓದುವವ
ಅಯ್ಯೋ, ಇದನ್ನೇ ನಾನು ಎರಡು ವರ್ಷದಿಂದ ಮಾಡ್ತಿದ್ದೀನಿ. ಮೂರು ಕಂಪನಿ ದಾರ ಬದಲಾಯಿಸಿದೆ.

ಹೊಸಗಾಳ
ಎಲ್ಲರಿಗೂ ಥ್ಯಾಂಕ್ಸ್. ತಲೆ ಗಿರ್ ಅಂತಿದೆ. ಗೆಳೆಯ ಎರಡು ಮಾಡೆಲ್ ಹೆಸರು ಕಳಿಸಿದ್ದಾನೆ. ಒಂದರ ಕೊನೆಗೆ ಹೆಚ್‌ಜಿ, ಇನ್ನೊಂದರ ಕೊನೆಗೆ ಎಸ್-ಎಕ್ಸ್‌ಹೆಚ್ ಅಂತ ಇದೆ. ಎಸ್ ಅಂದರೆ ಸ್ಪೀಡ್ ಅಲ್ವಾ?

ಜೊಂಡುಹುಲ್ಲು
ಅಲ್ಲ ಅಲ್ಲ. ಎಸ್ ಅಂದರೆ ಶ್ಯಾಲೋ, ಆಳ ಕಡಿಮೆ ಇರುವ ಸ್ಪೂಲ್. ತೆಳ್ಳನೆ ದಾರ ಹಾಕುವವರಿಗೆ ಮಾಡಿದ್ದು. ಶಿಮಾನೊ ಕಂಪನಿಯ ರೀಲಿನಲ್ಲಿ ಪಿಜಿ ಅಂದರೆ ಪವರ್ ಗೇರ್ (ನಿಧಾನದ್ದು), ಹೆಚ್‌ಜಿ ಹೈ ಗೇರ್, ಎಕ್ಸ್‌ಜಿ ಎಕ್ಸ್‌ಟ್ರಾ ಹೈ ಗೇರ್. ಡೈವಾ ಕಂಪನಿಯದರಲ್ಲಿ ಪಿ, ಹೆಚ್, ಎಕ್ಸ್‌ಹೆಚ್ ಅಂತ ಬರೀತಾರೆ. ಸೈಜ್ ಅಂಕಿ ಬಗ್ಗೆಯೂ ಹುಷಾರು. 2018ರಲ್ಲಿ ಡೈವಾ ಎಲ್‌ಟಿ ರೀಲುಗಳನ್ನು ತಂದಾಗ ಸೈಜ್ ಲೆಕ್ಕವನ್ನೇ ಬದಲಾಯಿಸಿತು. ಅವರ ಹಳೇ 2500, ಹೊಸ 2500 ಒಂದೇ ಅಲ್ಲ. ಸೆಂಟಿಮೀಟರ್ ನೋಡಿ ಅಂತ ಮೇಷ್ಟ್ರು ಹೇಳಿದ್ದು ಇಲ್ಲೂ ಸರಿ.

ಲೆಕ್ಕದಮೇಷ್ಟ್ರು
ಡಬ್ಬಿ ಮೇಲಿನ ಸೆಂಟಿಮೀಟರೂ ಕಣ್ಣು ಮುಚ್ಚಿ ನಂಬಬೇಡಿ. ಅದು ದಾರ ತುಂಬಿದ ಸ್ಪೂಲಿನ ಲೆಕ್ಕ. ಹೊಸಗಾಳ ಅವರೇ, ಏನೂ ತಗೊಳ್ಳೋ ಮುಂಚೆ ಇರುವ ರೀಲನ್ನು ಅಳೆಯಿರಿ. ರಾಡಿನ ಮೊದಲ ಉಂಗುರದ ಹತ್ತಿರ ದಾರಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಅಲ್ಲಿಂದ ದಾರ ಹೊರಗೆ ಎಳೆದು ನೆಲದ ಮೇಲೆ ಉದ್ದಕ್ಕೆ ಬಿಡಿ. ಬಿಗಿ ಹಿಡಿದು ಹತ್ತು ಸುತ್ತು ಸುತ್ತಿ. ಎಷ್ಟು ಒಳಗೆ ಬಂತು ಅಳೆದು ಹತ್ತರಿಂದ ಭಾಗಿಸಿ.

ಸುಮ್ನೆಓದುವವ
ಈ ರೀಲನ್ನು ಮೊದಲು ಕಂಡುಹಿಡಿದವರು ಯಾರು? ಬಟ್ಟೆ ಗಿರಣಿಗೂ ಇದಕ್ಕೂ ಏನೋ ಸಂಬಂಧ ಅಂತ ಕೇಳಿದ್ದೆ.

ಹಳೇರೀಲು
ಹೌದು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಜವಳಿ ಉದ್ಯಮಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್. ಸ್ಪೂಲ್ ತಿರುಗದ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡರು. ಗಿರಣಿಯಲ್ಲಿ ನೂಲಿನ ಉಂಡೆ ಅಲುಗಾಡದೆ ಕೂತಿರುತ್ತೆ, ನೂಲು ಅದರ ತುದಿಯಿಂದ ಜಾರಿಕೊಂಡು ಬರುತ್ತೆ. ನಾವು ಲೂರ್ ಎಸೆದಾಗ ನಡೆಯುವುದೂ ಅದೇ. ಹಗುರ ಎರೆಯನ್ನು ದೂರ ಎಸೆಯೋಕೆ ಆದದ್ದು ಹಾಗೆ.

ಎಡಗೈ
ಹ್ಯಾಂಡಲ್ ಬಲಕ್ಕೆ ಹಾಕಿದೆ. ಈಗ ಎಸೆಯೋದು ಚೆನ್ನಾಗಿದೆ, ಸುತ್ತೋದು ಮಾತ್ರ ಮಕ್ಕಳು ಬರೆಯೋಕೆ ಕಲಿಯುವ ಹಾಗಿದೆ.

ದಡದಮೇಲೆ
ಒಂದು ವಾರ ಅಂದೆ, ಒಂದು ಗಂಟೆ ಅಲ್ಲ.

ಹೊಸಗಾಳ
ಮೇಷ್ಟ್ರೇ, ಅಳೆದೆ. ಡಬ್ಬಿ ಮೇಲೆ 73 ಸೆಂ.ಮೀ. ಇದೆ. ಹತ್ತು ಸುತ್ತಿಗೆ ಬಂದದ್ದು 6 ಮೀಟರ್ 10 ಸೆಂ.ಮೀ. ಎರಡು ಸಲ ಅಳೆದೆ. ಅಂದರೆ ಒಂದು ಸುತ್ತಿಗೆ 61! ರೀಲ್ ಕೆಟ್ಟಿದೆಯಾ?

ಲೆಕ್ಕದಮೇಷ್ಟ್ರು
ಸ್ಪೂಲಿನ ಅಂಚಿನಿಂದ ದಾರ ಎಷ್ಟು ಕೆಳಗಿದೆ ನೋಡಿ.

ಹೊಸಗಾಳ
ಸ್ಕೇಲ್ ಇಟ್ಟೆ. 5 ಮಿ.ಮೀ. ಮೇಲೆಯೇ ಇದೆ. ತೆಳ್ಳನೆ ಬ್ರೇಡ್ (ಎಳೆ ಹೆಣೆದ ದಾರ) ನೂರು ಮೀಟರ್ ತಂದು ಅಷ್ಟನ್ನೇ ಸುತ್ತಿದ್ದೆ. ಸಾಕು ಅಂದುಕೊಂಡೆ.

ಲೆಕ್ಕದಮೇಷ್ಟ್ರು
ಸಿಕ್ಕಿಬಿತ್ತು ಕಳ್ಳ. 61ನ್ನು 5.2ರಿಂದ ಭಾಗಿಸಿ, 11.7 ಸೆಂ.ಮೀ. ಸುತ್ತಳತೆ. ಅಂದರೆ ವ್ಯಾಸ 37 ಮಿ.ಮೀ. ಚಿಲ್ಲರೆ. 45 ಇರಬೇಕಾಗಿತ್ತು. ನಿಮ್ಮ 5.2ರ ರೀಲ್ 4.3ರ ಹಾಗೆ ಓಡ್ತಿದೆ. ಇದೇ ಸ್ಪೂಲಿಗೆ ಇದೇ ದಾರ ಹಾಕಿ 6.2 ತಂದಿದ್ದರೂ ನಿಮಗೆ ಸಿಗ್ತಿದ್ದದ್ದು 73. ತುಂಬಿದ 5.2 ಸುಮ್ನೆ ಕೊಡುವಷ್ಟು!

ಬೆಳಗಿನಜಾವ
ಬ್ರೇಡ್ ಬಿಚ್ಚಿ, ಅಡಿಗೆ ಸಾದಾ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಬರಲಿ. ಅಂಚಿಗೆ ಒಂದೂವರೆ, ಎರಡು ಮಿ.ಮೀ. ಬಿಟ್ಟರೆ ಸಾಕು. ಪೂರ್ತಿ ತುಂಬಿಸಿದರೆ ದಾರ ತಾನೇ ಉದುರಿ ಸಿಕ್ಕಾಗುತ್ತೆ. ನೈಲಾನ್ ಅಡಿಗೆ ಇದ್ದರೆ ಇನ್ನೊಂದು ಲಾಭ. ಬ್ರೇಡನ್ನು ನೇರ ಸ್ಪೂಲಿಗೆ ಕಟ್ಟಿದರೆ ದೊಡ್ಡ ಮೀನು ಎಳೆದಾಗ ಇಡೀ ಉಂಡೆಯೇ ಜಾರುತ್ತೆ. ಅದು ತಪ್ಪುತ್ತೆ. ಎಸೆತವೂ ದೂರ ಹೋಗುತ್ತೆ, ಅಂಚಿಗೆ ಉಜ್ಜೋದು ಕಡಿಮೆ ಆಗುತ್ತಲ್ಲ.

ಜೊಂಡುಹುಲ್ಲು
ಆದರೂ ಎರಡನೇ ರೀಲ್ ತಗೊಳ್ಳೋ ದಿನ 6.2 ತಗೊಳ್ಳಿ 😉

ಹಳೇರೀಲು
ಆಳದ ಲೂರ್ ಕಟ್ಟಬೇಡಿ ಅದಕ್ಕೆ.

ಹೊಸಗಾಳ
ಎರಡು ವಾರ ಬಿಟ್ಟು ಬರ್ತಿದ್ದೀನಿ. ಅಡಿಗೆ ನೈಲಾನ್ ಹಾಕಿದೆ. ಈಗ ಅಳೆದರೆ ಒಂದು ಸುತ್ತಿಗೆ 71. ಎಸೆತ ಮೊದಲಿಗಿಂತ ಜಾಸ್ತಿ ಹೋಗ್ತಿದೆ, ಮೊದಲ ಎಸೆತಕ್ಕೆ ಲೂರ್ ಆಚೆ ಪೊದೆಗೇ ಹೋಗಿ ಕೂತಿತು.

ಇವತ್ತು ಅದೇ ಜಾಗ, ಅದೇ ಹೊತ್ತು. ಹೊಡೆಯಿತು. ಮತ್ತೆ ನನ್ನ ಕಡೆಗೇ ಓಡಿ ಬಂತು! ಪಕ್ಕಕ್ಕೆ ನಾಲ್ಕು ಹೆಜ್ಜೆ ಓಡಿದೆ, ಸುತ್ತುತ್ತಲೇ ಇದ್ದೆ, ದಾರ ಒಂದು ಕ್ಷಣವೂ ಜೋಲು ಬೀಳಲಿಲ್ಲ. ಡ್ರ್ಯಾಗ್ ಜಿರ್ ಅಂದಾಗ ಕೈ ನಿಲ್ಲಿಸಿದೆ. ಎಲ್ಲಾ ನೀವು ಹೇಳಿದ ಹಾಗೇ ಮಾಡಿದೆ. ದಡಕ್ಕೆ ಎರಡು ಮಾರು ಇರುವಾಗ ಫಟ್. ದಾರದ ತುದಿ ನೋಡಿದರೆ ಹಂದಿಬಾಲದ ಹಾಗೆ ಸುರುಳಿ ಆಗಿದೆ.

ದಡದಮೇಲೆ
ಸುರುಳಿ ಆಗಿದೆ ಅಂದರೆ ದಾರ ಹರಿದದ್ದಲ್ಲ, ಗಂಟು ಜಾರಿದ್ದು. ಯಾವ ಗಂಟು ಹಾಕ್ತೀಯಪ್ಪಾ?

ಹೊಸಗಾಳ
ಶೂ ಲೇಸಿಗೆ ಹಾಕೋದೇ ಸರ್, ಮೂರು ಸಲ.

ಲೆಕ್ಕದಮೇಷ್ಟ್ರು
…

ದಡದಮೇಲೆ
ಗಂಟಿಗೆ ಬೇರೆ ಪೋಸ್ಟ್ ಹಾಕು ತಮ್ಮಾ. ಇಲ್ಲಿ ಬೇಡ, ಮೇಷ್ಟ್ರು ಎದೆ ಹಿಡ್ಕೊಂಡಿದ್ದಾರೆ.